ಐದು ಚಳಿಗಾಲ ಎದೆಗೆ ಕಟ್ಕೊಂಡು ಓಡಾಡಿದ ಅವಲಾಂಚ್ ಬೀಕನ್, ನನ್ನ ಅನುಭವ

ತಗೊಂಡ ವಾರಕ್ಕೇ ಐದು ಸ್ಟಾರ್ ಕೊಟ್ಟು ಬರ್ದಿರೋ ರಿವ್ಯೂಗಳೇ ಜಾಸ್ತಿ, ಹಿಮದ ಮುಖಾನೂ ನೋಡಿರಲ್ಲ ಆ ಬೀಕನ್ ಪಾಪ. ನಂದು ಐದು ಸೀಸನ್ ಆದ್ಮೇಲೆ ಬರೀತಿರೋದು. ಅವಲಾಂಚ್ ಅಂದ್ರೆ ಹಿಮಕುಸಿತದಲ್ಲಿ ಹೂತುಹೋದವರನ್ನ ಜೊತೆಗಿರೋರು ಹುಡ್ಕೋಕೆ ಅಂತ ಸಿಗ್ನಲ್ ಕಳಿಸೋ, ಹಿಡಿಯೋ ಪುಟ್ಟ ರೇಡಿಯೋ ಈ ಬೀಕನ್. ಮೂರು ಆಂಟೆನಾದ ಡಿಜಿಟಲ್ ಟ್ರಾನ್ಸೀವರ್ ಇದು, ಎಲ್ಲಾ ಕಂಪನಿದೂ 457 ಕಿಲೋಹರ್ಟ್ಜ್‌ನಲ್ಲೇ ಕೆಲಸ ಮಾಡೋದ್ರಿಂದ ಜೊತೆಗಿರೋರ ಹತ್ರ ಯಾವ ಬ್ರ್ಯಾಂಡ್ ಇದ್ರೂ ಸಿಗ್ನಲ್ ಸಿಗುತ್ತೆ.

ಇಷ್ಟ ಆಗಿದ್ದು ಸ್ವಿಚ್. ದಪ್ಪ ಗ್ಲೌಸಲ್ಲೇ ಸೆಂಡ್‌ನಿಂದ (ಸಿಗ್ನಲ್ ಕಳಿಸೋದು) ಸರ್ಚ್‌ಗೆ (ಬೇರೆಯವರ ಸಿಗ್ನಲ್ ಹುಡುಕೋದು) ಎಳೀಬಹುದು. ಸ್ಕ್ರೀನ್ ಬಿಸಿಲಲ್ಲೂ ಕಾಣುತ್ತೆ. ರೇಂಜ್ ಮಾತ್ರ ಬಾಕ್ಸ್ ಮೇಲೆ 60 ಮೀಟರ್ ಅಂತಿದೆ, ನಂಗೆ ಗಟ್ಟಿಯಾಗಿ ಸಿಗೋದು 40ರ ಹತ್ರ ಬಂದ್ಮೇಲೆ, ಅದೂ ಹೂತಿರೋ ಬೀಕನ್ ಯಾವ ಕಡೆ ಮಲಗಿದೆ ಅನ್ನೋದ್ರ ಮೇಲೆ ಹೋಗುತ್ತೆ.

ಹೊಸಬರು ಕಂಗಾಲಾಗೋದು ಬಾಣದ ಗುರುತು ನೋಡಿ. ಅದು ನೇರ ಕರ್ಕೊಂಡು ಹೋಗಲ್ಲ, ಕಾಂತಕ್ಷೇತ್ರದ ಬಾಗಿದ ಗೆರೆ ಹಿಡ್ಕೊಂಡು ಸುತ್ತಿಸ್ಕೊಂಡು ಹೋಗುತ್ತೆ, ನಾನೂ ಮೊದಲ ದಿನ ಪೀಸ್ ಕೆಟ್ಟಿದೆ ಅಂದ್ಕೊಂಡು ವಾಪಸ್ ಕೊಡೋಕೆ ರೆಡಿಯಾಗಿದ್ದೆ. ಪ್ರಾಕ್ಟೀಸಿಗೆ ಅಂತ ಬೀಕನ್ ಹಾಕಿ ಮೀಟರ್ ಆಳದಲ್ಲಿ ಹೂತಿಟ್ಟ ಬ್ಯಾಗ್ ಹುಡ್ಕೋಕೆ ಅವತ್ತು ಹನ್ನೊಂದು ನಿಮಿಷ ತಗೊಂಡೆ! ಹತ್ರ ಬಂದ್ಮೇಲೂ ಓಡಿದ್ದೇ ತಪ್ಪು. ದೂರದಲ್ಲಿದ್ದಾಗ ಓಡಬೇಕು, 3 ಮೀಟರ್ ಒಳಗೆ ಬಂದ್ಮೇಲೆ ಬಗ್ಗಿ ಬೀಕನ್ನ ಹಿಮದ ಮೇಲ್ಮೈಗೆ ತಾಗಿಸ್ಕೊಂಡು ಆಮೆ ಥರ ಸರೀಬೇಕು, ಸ್ಕ್ರೀನಲ್ಲಿ ದೂರದ ನಂಬರ್ ಎಲ್ಲಕ್ಕಿಂತ ಕಡಿಮೆ ಬಂದ ಕಡೆ ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡೋ ಉದ್ದ ಕಡ್ಡಿ) ಚುಚ್ಚಬೇಕು, ತಾಗ್ಲಿಲ್ಲಾಂದ್ರೆ 25 ಸೆಂಟಿಮೀಟರ್ ಬಿಟ್ಟು ಬಿಟ್ಟು ಸುತ್ತಾ ಚುಚ್ಕೊಂಡು ಹೋಗ್ಬೇಕು. ಈಗ ಮೂರು ನಾಲ್ಕು ನಿಮಿಷಕ್ಕೆ ಮುಟ್ತೀನಿ, ಆದ್ರೆ ಅಗೆಯೋದಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಪ್ಲಾಸ್ಟಿಕ್ ಸಲಿಕೆ ತರೋರ ಜೊತೆ ನಾನು ಹೋಗೋದೇ ಇಲ್ಲ, ನಿಂತ ಅವಲಾಂಚ್ ಹಿಮ ಕಾಂಕ್ರೀಟ್ ಥರ ಆಗಿರುತ್ತೆ. ಸ್ವಿಟ್ಜರ್ಲ್ಯಾಂಡಿನ 1981ರಿಂದ 2020ರವರೆಗಿನ ದಾಖಲೆ ಪ್ರಕಾರ ಪೂರ್ತಿ ಹೂತುಹೋದವರನ್ನ 10 ನಿಮಿಷದೊಳಗೆ ತೆಗೆದ್ರೆ ಬದುಕೋ ಸಾಧ್ಯತೆ 90%ಗಿಂತ ಮೇಲೆ, ಅರ್ಧ ಗಂಟೆ ಆದ್ರೆ 30%ರ ಆಸುಪಾಸು, ಅಂದ್ರೆ ರೆಸ್ಕ್ಯೂ ಹೆಲಿಕಾಪ್ಟರ್ ಬರೋವರೆಗೆ ಕಾಯೋ ಮಾತೇ ಇಲ್ಲ, ಜೊತೆಗಿದ್ದವರೇ ತೆಗೀಬೇಕು.

ತೊಂದರೆಗಳಿಗೆ ಬರೋಣ. ಎರಡನೇ ಸೀಸನ್ನಲ್ಲಿ ಪ್ರಾಕ್ಟೀಸ್ ಮಾಡ್ವಾಗ ನಂಬರ್ ಹುಚ್ಚುಹುಚ್ಚಾಗಿ ಕುಣೀತಿತ್ತು, ನೋಡಿದ್ರೆ ಕಾರಣ ನನ್ನ ಹೀಟೆಡ್ ಗ್ಲೌಸ್. ಫೋನು, ಕ್ಯಾಮೆರಾ, ಸ್ಮಾರ್ಟ್‌ವಾಚ್ ಎಲ್ಲಾ ಸೆಂಡಲ್ಲಿದ್ದಾಗ 20 ಸೆಂಟಿಮೀಟರ್, ಸರ್ಚಲ್ಲಿ 50 ಸೆಂಟಿಮೀಟರ್ ದೂರ ಇರ್ಬೇಕು. ಇನ್ನೊಂದು ನನ್ನದೇ ಸೋಮಾರಿತನ: ಬೇಸಿಗೇಲಿ ಬ್ಯಾಟರಿ ತೆಗೀದೆ ಡ್ರಾಯರಲ್ಲಿ ಬಿಟ್ಟಿದ್ದೆ, ಸೋರಿ ಕಾಂಟ್ಯಾಕ್ಟ್ ಹಸಿರಾಗಿ ಹೋಗಿತ್ತು. ಉಜ್ಜಿ ಸರಿ ಮಾಡ್ದೆ, ಆದ್ರೂ ಅದಾದ್ಮೇಲೆ ಹೊರಡೋ ಮುಂಚೆ ಪ್ರತೀ ಸಲ ಗ್ರೂಪ್ ಚೆಕ್ (ಎಲ್ಲರ ಬೀಕನ್ನೂ ಕೆಲಸ ಮಾಡ್ತಿದ್ಯಾ ಅಂತ ನೋಡೋದು) ಮಾಡ್ದೇ ಹೆಜ್ಜೆ ಇಡಲ್ಲ. ರೀಚಾರ್ಜಬಲ್ ಹಾಕ್ಬೇಡಿ ಅಂತ ಮ್ಯಾನುಯಲ್ಲಲ್ಲೇ ಇದೆ, ಆಲ್ಕಲೈನ್ ಮಾತ್ರ, 60% ಕೆಳಗೆ ಬಂದ್ರೆ ನಾನು ಬದಲಾಯಿಸಿಬಿಡ್ತೀನಿ.

ಒಂದು ವಿಷ್ಯ ಮಾತ್ರ ಯಾವ ಬ್ರೋಷರಲ್ಲೂ ಇರಲ್ಲ. ಇದು ಎದೆ ಮೇಲಿದ್ರೆ ಧೈರ್ಯ ಜಾಸ್ತಿ ಆಗುತ್ತೆ. ಹೋದ ಚಳಿಗಾಲ ಹಿಮಕುಸಿತದ ಮುನ್ಸೂಚನೆ ಬುಲೆಟಿನ್‌ನಲ್ಲಿ ಅಪಾಯ 5ರಲ್ಲಿ 3 ಅಂತಿತ್ತು, ಗಾಳಿ ಹೊಸ ಹಿಮಾನೆಲ್ಲಾ ತಂದು ಒಂದು ಇಳಿಜಾರಿಗೆ ಸುರಿದಿತ್ತು, ಅಳೆದ್ರೆ 36 ಡಿಗ್ರಿ. ಕಾಲಿಟ್ಟ ತಕ್ಷಣ ಒಳಗಿಂದ 'ಧುಮ್' ಅಂತು, ಅಂದ್ರೆ ಕೆಳಗಿರೋ ಸಕ್ಕರೆ ಹರಳಿನ ಥರದ ಉದುರು ಪದರ ಕುಸೀತಿದೆ ಅಂತ. ಗೆಳೆಯ ಅಂದ, "ಬೀಕನ್ ಇದ್ಯಲ್ಲೋ, ಒಬ್ಬೊಬ್ರಾಗಿ ದಾಟೋಣ." ಬೀಕನ್ ಹಿಮ ಹಿಡ್ಕೊಂಡು ನಿಲ್ಲಲ್ಲ ಮಾರಾಯ, ನಾವು ಹೂತುಹೋದ್ಮೇಲೆ ಅದರ ಕೆಲಸ ಶುರು ಆಗೋದು ಅಂದೆ. ಮರಕ್ಕೋ ಬಂಡೆಗೋ ಬಡಿದು ಸಾಯೋರಿಗೆ ಅದೂ ಇಲ್ಲ. ವಾಪಸ್ ಬಂದ್ವಿ, ಅವನು ದಾರಿಯುದ್ದಕ್ಕೂ ಮುಖ ಊದಿಸ್ಕೊಂಡಿದ್ದ.

ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಬಾಕ್ಸ್ ಮೇಲಿನ ಆ 60 ಮೀಟರಿಗೆ.