ಯುದ್ಧದ ದಾದಿಯೇ ಪತ್ತೇದಾರಿ: ಬೆಸ್ ಕ್ರಾಫರ್ಡ್ ಓದಬೇಕೋ, ಮೇಸಿ ಡಾಬ್ಸ್ ಓದಬೇಕೋ?

ಮೊದಲನೆಯ ಮಹಾಯುದ್ಧದ ದಾದಿ ಪತ್ತೇದಾರಿಕೆಗೆ ಇಳಿಯುವ ಇಂಗ್ಲಿಷ್ ಕಾದಂಬರಿಗಳನ್ನು ಓದಬಯಸುವವರ ಮುಂದೆ ಸಾಮಾನ್ಯವಾಗಿ ಎರಡು ಮಾಲೆಗಳಿರುತ್ತವೆ: ಚಾರ್ಲ್ಸ್ ಟಾಡ್ ಎಂಬ ಹೆಸರಿನಲ್ಲಿ ತಾಯಿ ಮತ್ತು ಮಗ ಕೂಡಿ ಬರೆದ ಬೆಸ್ ಕ್ರಾಫರ್ಡ್ ಮಾಲೆ ಹಾಗೂ ಜಾಕ್ವೆಲಿನ್ ವಿನ್‌ಸ್ಪಿಯರ್ ಅವರ ಮೇಸಿ ಡಾಬ್ಸ್ ಮಾಲೆ.

2009ರಲ್ಲಿ ಬಂದ ‘ಎ ಡ್ಯೂಟಿ ಟು ದ ಡೆಡ್’ ಕಾದಂಬರಿಯಲ್ಲಿ ಬೆಸ್, 1916ರ ನವೆಂಬರಿನಲ್ಲಿ ಏಜಿಯನ್ ಸಮುದ್ರದಲ್ಲಿ ನಿಜವಾಗಿಯೂ ಮುಳುಗಿದ ಬ್ರಿಟಾನಿಕ್ ಆಸ್ಪತ್ರೆ ಹಡಗಿನಿಂದ ತೋಳು ಮುರಿದುಕೊಂಡು ಪಾರಾಗುತ್ತಾಳೆ. ಬಳಿಕ, ಸಾಯುವ ಮುನ್ನ ಸೈನಿಕನೊಬ್ಬ ತನ್ನ ಸಹೋದರನಿಗೆ ಹೇಳಿಕಳುಹಿಸಿದ ಮಾತನ್ನು ತಲುಪಿಸಲು ಕೆಂಟ್ ಪ್ರಾಂತ್ಯಕ್ಕೆ ಹೋಗುತ್ತಾಳೆ. ಆ ಮಾತು ಮನೆಯವರಿಗೆ ಬೇಡವಾಗಿರುವುದೇ ಅನುಮಾನಕ್ಕೆ ಮೂಲವಾಗಿ, ಹಳೆಯ ಕೊಲೆಯೊಂದು ಮೇಲೆ ಬರುತ್ತದೆ. ಬೆಸ್ ಸೇನಾಧಿಕಾರಿಯ ಮಗಳು, ಭಾರತದಲ್ಲಿ ಬೆಳೆದವಳು. ಆದರೆ ಭಾರತಕ್ಕಾಗಿಯೇ ಪುಸ್ತಕ ಕೈಗೆತ್ತಿಕೊಂಡರೆ ನಿರಾಸೆಯಾದೀತು.

2003ರ ‘ಮೇಸಿ ಡಾಬ್ಸ್’ ಆರಂಭವಾಗುವುದು ಯುದ್ಧ ಮುಗಿದು ದಶಕ ಕಳೆದ ಮೇಲೆ, 1929ರ ಲಂಡನ್ನಿನಲ್ಲಿ. ಮನೆಗೆಲಸದ ಹುಡುಗಿಯಾಗಿದ್ದ ಮೇಸಿ ಕೇಂಬ್ರಿಡ್ಜಿನ ಗರ್ಟನ್ ಕಾಲೇಜು ಸೇರಿದ್ದು, ಓದು ಬಿಟ್ಟು ಫ್ರಾನ್ಸಿನ ಯುದ್ಧರಂಗದಲ್ಲಿ ದಾದಿಯಾದದ್ದು ಇವೆಲ್ಲ ನಡುವಿನ ದೀರ್ಘ ಹಿನ್ನೋಟದಲ್ಲಿ ಬರುತ್ತವೆ. ಪತ್ನಿಯ ಮೇಲೆ ಶಂಕೆಗೊಂಡ ಪತಿಯೊಬ್ಬನ ಸಾಧಾರಣ ಪ್ರಕರಣವು ಅವಳನ್ನು ಮನೆತನದ ಹೆಸರಿಲ್ಲದೆ ಮೊದಲ ಹೆಸರನ್ನಷ್ಟೇ ಕೆತ್ತಿದ ಸಮಾಧಿಕಲ್ಲಿನ ಮುಂದೆ ನಿಲ್ಲಿಸುತ್ತದೆ. ಅಲ್ಲಿಂದ ಮುಖ ವಿರೂಪಗೊಂಡ ಮಾಜಿ ಸೈನಿಕರ ಆಶ್ರಯಧಾಮದ ಕಡೆಗೆ ದಾರಿ ತೆರೆಯುತ್ತದೆ.

ಒಗಟಿನ ಬಿಗಿಯಲ್ಲಿ ಬೆಸ್ ಮುಂದು. ಮೇಸಿಯ ತನಿಖೆ ಕೆಲವೆಡೆ ಅಂತರ್ಜ್ಞಾನವನ್ನೇ ಅತಿಯಾಗಿ ನೆಚ್ಚಿಕೊಂಡಿದೆ ಎಂಬುದು ನನ್ನ ಆಕ್ಷೇಪ. ಆದರೂ ಯುದ್ಧವು ಬದುಕುಳಿದವರನ್ನು ಏನು ಮಾಡಿತು ಎಂಬುದನ್ನು ತಿಳಿಯಬೇಕೆನ್ನುವವರು ಅವಳನ್ನೇ ಆರಿಸಿಕೊಳ್ಳಲಿ, ಮತ್ತು ಮೊದಲ ಪುಸ್ತಕದಿಂದಲೇ ಓದಲಿ.