ಖರೀದಿ ಗುಂಡಿ ಒತ್ತುವ ಮೊದಲು: ಹೊಸ ಹೂಡಿಕೆದಾರರ ಕೋರ್ಸೊಂದರ ವಿಮರ್ಶೆ

ಷೇರುಪೇಟೆಯ ಗಂಧಗಾಳಿ ಇಲ್ಲದವರಿಗಾಗಿಯೇ ರೂಪಿಸಿದ್ದೆಂದು ಹೇಳಿಕೊಳ್ಳುವ ಆನ್‌ಲೈನ್ ಕೋರ್ಸೊಂದನ್ನು ಕಳೆದ ನಾಲ್ಕು ತಿಂಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಮುಗಿಸಿದ್ದೇನೆ. ಹನ್ನೆರಡು ಪಾಠಗಳು, ಪ್ರತಿ ಪಾಠಕ್ಕೂ ಸುಮಾರು ನಲವತ್ತು ನಿಮಿಷದ ವಿಡಿಯೊ, ಅದರ ಕೊನೆಗೆ ಹತ್ತು ಪ್ರಶ್ನೆಗಳ ಪರೀಕ್ಷೆ, ಜತೆಗೆ ನಿಜವಾದ ಹಣ ತೊಡಗಿಸದೆ ಕೊಳ್ಳುವ ಮತ್ತು ಮಾರುವ ರೂಢಿ ಮಾಡಿಕೊಳ್ಳಲು ಒಂದು ಅಭ್ಯಾಸ ಖಾತೆ ಇದರಲ್ಲಿವೆ. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಇದೇ ಅಚ್ಚಿನ ಕೋರ್ಸುಗಳು ಬೇಕಾದಷ್ಟಿರುವುದರಿಂದ ಒಂದರಲ್ಲಿ ಕಂಡ ಗುಣದೋಷಗಳು ಉಳಿದವನ್ನು ಅಳೆಯಲೂ ನೆರವಾದಾವು. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ, ಕಂಪನಿಯ ಲೆಕ್ಕಪತ್ರ ಓದುವುದನ್ನು ಈ ಕೋರ್ಸು ಬಹಳ ಚೆನ್ನಾಗಿ ಕಲಿಸುತ್ತದೆ. ಪೇಟೆಯಲ್ಲಿ ನಡೆದುಕೊಳ್ಳುವ ರೀತಿಯನ್ನು ಮಾತ್ರ ತಪ್ಪಾಗಿ ಕಲಿಸುತ್ತದೆ.

ಮೊದಲ ಮೂರು ಪಾಠಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಷೇರೆಂದರೆ ಕಂಪನಿಯ ಒಡೆತನದಲ್ಲಿ ಒಂದು ಪಾಲು, ಕಂಪನಿ ಮುಳುಗಿದರೆ ಸಾಲ ಕೊಟ್ಟವರಿಗೆಲ್ಲ ಸಂದಾಯವಾಗಿ ಏನಾದರೂ ಉಳಿದರೆ ಮಾತ್ರ ಷೇರುದಾರನಿಗೆ ಸಿಗುತ್ತದೆ ಎಂಬುದನ್ನು ಗೊಂದಲವಿಲ್ಲದೆ ವಿವರಿಸಿದ್ದಾರೆ. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಸಾರ್ವಜನಿಕರಿಂದ ಬಂಡವಾಳ ಎತ್ತಿದಾಗ, ಹಣ ಹಾಕಿ ವರ್ಷಗಟ್ಟಲೆ ಕಾಯಲಾರದವರು ತಮ್ಮ ಪಾಲನ್ನು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇನ್ನೊಬ್ಬರಿಗೆ ಮಾರಿ ಹೊರಬರತೊಡಗಿದರು ಎಂಬ ಒಂದೇ ಉದಾಹರಣೆಯಿಂದ ಷೇರುಪೇಟೆ ಏಕೆ ಬೇಕಾಯಿತೆಂಬುದು ಹೊಸಬರಿಗೂ ಹೊಳೆಯುತ್ತದೆ.

ಕೋರ್ಸಿನ ನಿಜವಾದ ಸತ್ವವಿರುವುದು ನಾಲ್ಕರಿಂದ ಆರನೆಯ ಪಾಠದವರೆಗೆ. ಐದನೆಯ ಪಾಠದ ಆರಂಭದಲ್ಲಿ ಬೋಧಕರು ಒಂದು ಕಲ್ಪಿತ ಕಂಪನಿಯ ಮೂರು ವರ್ಷದ ಲೆಕ್ಕವನ್ನು ತೆರೆಯ ಮೇಲೆ ತೋರಿಸುತ್ತಾರೆ. ಮಾರಾಟ 1000, 1200, 1500. ಲಾಭ 80, 100, 130. ಕೊನೆಯ ಸಾಲನ್ನು ಕಾಗದದಿಂದ ಮುಚ್ಚಿಟ್ಟು, ಈ ಷೇರನ್ನು ಕೊಳ್ಳುವಿರಾ ಎಂದು ಕೇಳುತ್ತಾರೆ. ನಾನಂತೂ ಮನಸ್ಸಿನಲ್ಲೇ ಕೊಂಡಾಗಿತ್ತು. ಆಮೇಲೆ ಕಾಗದ ಸರಿಸಿದರೆ, ಗ್ರಾಹಕರಿಂದ ಬರಬೇಕಾದ ಬಾಕಿಯ ಸಾಲು ಕಾಣುತ್ತದೆ: 150, 280, 500. ಎರಡನೆಯ ವರ್ಷ ಬಾಕಿ 130ರಷ್ಟು ಏರಿದೆ, ಲಾಭ 100 ಮಾತ್ರ. ಮೂರನೆಯ ವರ್ಷ ಬಾಕಿ 220ರಷ್ಟು ಏರಿದೆ, ಲಾಭ 130. ಬೇರಾವ ಬದಲಾವಣೆಯೂ ಇಲ್ಲವೆಂದುಕೊಂಡರೆ ಕಂಪನಿಯ ವ್ಯವಹಾರದಿಂದ ಒಳಬಂದ ನಗದು ಕ್ರಮವಾಗಿ ಮೈನಸ್ 30 ಮತ್ತು ಮೈನಸ್ 90. ಸರಕನ್ನು ಉದ್ದರಿಗೆ ಕೊಟ್ಟು ಮಾರಾಟವೆಂದು ಬರೆದುಕೊಂಡಿದ್ದಾರೆ, ಹಣ ಕೈಸೇರಿಲ್ಲ. ಲಾಭ-ನಷ್ಟದ ಪಟ್ಟಿಯನ್ನೂ ನಗದು ಹರಿವಿನ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕೆಂಬುದನ್ನು ಇಷ್ಟು ಮನದಟ್ಟಾಗುವಂತೆ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಆರನೆಯ ಪಾಠದಲ್ಲಿ ಪಿಇ ಅನುಪಾತದ ವಿಚಾರವೂ ಅಚ್ಚುಕಟ್ಟಾಗಿದೆ. ಷೇರಿನ ಬೆಲೆ 100, ಪ್ರತಿ ಷೇರಿನ ಗಳಿಕೆ 5 ಇದ್ದರೆ ಅನುಪಾತ 20 ಎಂದು ಭಾಗಾಕಾರ ಮಾಡಿಸಿ ಸುಮ್ಮನಾಗದೆ, ಉಕ್ಕಿನಂಥ ಏರಿಳಿತದ ಉದ್ಯಮಗಳಲ್ಲಿ ಲಾಭ ಶಿಖರದಲ್ಲಿರುವಾಗಲೇ ಈ ಅಂಕಿ ತೀರ ಕಡಿಮೆಯಾಗಿ ಕಂಡು ಷೇರು ಅಗ್ಗವೆಂಬ ಭ್ರಮೆ ಹುಟ್ಟಿಸುತ್ತದೆ ಎಂಬ ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ.

ಇಷ್ಟು ಒಳ್ಳೆಯ ಪಾಠಗಳ ನಡುವೆ ಪರೀಕ್ಷೆಯ ಪ್ರಶ್ನೆಗಳನ್ನು ಬೇರೆ ಯಾರೋ ಅವಸರದಲ್ಲಿ ಬರೆದಂತಿದೆ. ಲಾಭಾಂಶದ ಹಕ್ಕು ತಪ್ಪುವ ದಿನದ ಹಿಂದಿನ ದಿನ ಷೇರು ಕೊಂಡು ಮರುದಿನ ಮಾರಿದರೆ ಲಾಭಾಂಶ ಪುಕ್ಕಟೆಯಾಗಿ ಸಿಗುತ್ತದೆ ಎಂಬ ಹೇಳಿಕೆಗೆ ‘ಸರಿ’ ಎಂದವರಿಗೆ ಅಂಕ ಕೊಡುತ್ತಿದ್ದರು. ವಾಸ್ತವದಲ್ಲಿ ಆ ಹಣ ಕಂಪನಿಯಿಂದ ಹೊರಹೋಗುವುದರಿಂದ, ಉಳಿದ ಏರಿಳಿತಗಳನ್ನು ಬಿಟ್ಟರೆ, ಷೇರಿನ ಬೆಲೆಯೂ ಆ ದಿನ ಹೆಚ್ಚುಕಡಿಮೆ ಅಷ್ಟೇ ಇಳಿದು ತೆರೆದುಕೊಳ್ಳುತ್ತದೆ. ನಾನು ಬರೆದು ತಿಳಿಸಿದ ಮೂರು ವಾರದ ಬಳಿಕ ಉತ್ತರವನ್ನು ತಿದ್ದಿದರು, ಆದರೆ ನನಗೆ ಉತ್ತರಿಸುವ ಸೌಜನ್ಯ ತೋರಲಿಲ್ಲ.

ನನ್ನ ಮುಖ್ಯ ತಕರಾರು ಅಭ್ಯಾಸ ಖಾತೆಯ ಮೇಲೆ. ಅದರಲ್ಲಿ ಒಂದು ಸಣ್ಣ ಕಂಪನಿಯ 500 ಷೇರುಗಳಿಗೆ ಮಾರ್ಕೆಟ್ ಆರ್ಡರ್, ಅಂದರೆ ಪೇಟೆಯಲ್ಲಿ ಆಗ ಸಿಕ್ಕ ಬೆಲೆಗೇ ಕೊಳ್ಳುವ ಆರ್ಡರ್, ಹಾಕಿದಾಗ, ತೆರೆಯ ಮೇಲೆ ಕಂಡ 100ರ ಬೆಲೆಗೆ ಅಷ್ಟೂ ಷೇರುಗಳು ಕ್ಷಣಾರ್ಧದಲ್ಲಿ ಖಾತೆಗೆ ಬಂದವು. ಎರಡು ತಿಂಗಳ ನಂತರ ನಿಜವಾದ ಹಣದಿಂದ ಅಷ್ಟೇ ಷೇರುಗಳಿಗೆ ಅದೇ ಬಗೆಯ ಆರ್ಡರ್ ಹಾಕಿದೆ. ಆಗ 100ಕ್ಕೆ ಮಾರಲು ಸಿದ್ಧವಿದ್ದದ್ದು 40 ಷೇರು ಮಾತ್ರ. ಮುಂದಿನ 160 ಷೇರು 102ಕ್ಕೆ, ಉಳಿದ 300 ಷೇರು 105ಕ್ಕೆ ಸಿಕ್ಕಿ, ಸರಾಸರಿ ಬೆಲೆ 103.64 ಆಯಿತು. ಗುಂಡಿ ಒತ್ತಿದ ಮರುಗಳಿಗೆಯಲ್ಲೇ ಮೂರೂವರೆ ಶೇಕಡಕ್ಕಿಂತ ಹೆಚ್ಚು ಕೈಬಿಟ್ಟಿತ್ತು. ತಪ್ಪು ನನ್ನದೇ ಎಂದು ಒಪ್ಪುತ್ತೇನೆ, ಆದರೆ ತೆರೆಯ ಮೇಲಿನ ಬೆಲೆ ಕೊನೆಯ ವ್ಯವಹಾರದ ಬೆಲೆಯಷ್ಟೇ ಎಂಬುದನ್ನು ಅಭ್ಯಾಸ ಖಾತೆ ಕಲಿಸಬೇಕಿತ್ತಲ್ಲವೇ? ನಾವೇ ಗರಿಷ್ಠ ಬೆಲೆ ಗೊತ್ತುಪಡಿಸುವ ಲಿಮಿಟ್ ಆರ್ಡರ್ ಬಗ್ಗೆ ಇಡೀ ಕೋರ್ಸಿನಲ್ಲಿ ಒಂದೇ ವಾಕ್ಯವಿದೆ. ಮುಂದಿನ ಬಾರಿ 101ರ ಮಿತಿ ಹಾಕಿದಾಗ ನನಗೆ 40 ಷೇರುಗಳಷ್ಟೇ ಸಿಕ್ಕವು, ಉಳಿದವು ಸಿಗಲೇ ಇಲ್ಲ. ಸಿಗದಿರುವುದೂ ಒಂದು ಫಲಿತಾಂಶವೇ ಎಂಬುದು ಅಂದು ಅರ್ಥವಾಯಿತು. ಇದರ ಜತೆಗೆ ಪ್ರತಿ ವಾರ ಅತಿ ಹೆಚ್ಚು ಗಳಿಸಿದವರ ಪಟ್ಟಿಯನ್ನು ಬೇರೆ ಪ್ರಕಟಿಸುತ್ತಾರೆ. ಒಂದು ವಾರದಲ್ಲಿ ಪಟ್ಟಿಯ ತುದಿಗೇರಬೇಕಾದರೆ ಇರುವುದೆಲ್ಲವನ್ನೂ ಒಂದೇ ಷೇರಿಗೆ ಸುರಿಯಬೇಕು. ಹಣವನ್ನು ಹಂಚಿ ಹಾಕಬೇಕೆಂದು ಎಂಟನೆಯ ಪಾಠದಲ್ಲಿ ಹೇಳುವವರೂ ಇವರೇ.

ದೀರ್ಘಾವಧಿಯ ಪಾಠದಲ್ಲಿ ತೋರಿಸುವ ನಕ್ಷೆಯೂ ಅರ್ಧಸತ್ಯವೇ. ಅಮೆರಿಕದ ಸೂಚ್ಯಂಕವೊಂದರ ಗೆರೆ ಎಡದಿಂದ ಬಲಕ್ಕೆ ಏರುತ್ತ ಹೋಗುತ್ತದೆ, 1987ರ ಅಕ್ಟೋಬರ್ 19ರಂದು ಡೌ ಜೋನ್ಸ್ ಒಂದೇ ದಿನದಲ್ಲಿ ಶೇ 22.6ರಷ್ಟು ಕುಸಿದದ್ದನ್ನು ಸಣ್ಣ ಗುಳಿಯಂತೆ ತೋರಿಸಿ, ತಾಳ್ಮೆಯಿದ್ದರೆ ಎಲ್ಲವೂ ಸರಿಹೋಗುತ್ತದೆ ಎನ್ನುತ್ತಾರೆ. ಅದೇ ಡೌ ಜೋನ್ಸ್ 1929ರ ಶಿಖರವನ್ನು ಮತ್ತೆ ಮುಟ್ಟಿದ್ದು 1954ರಲ್ಲಿ. ಜಪಾನಿನ ನಿಕ್ಕೈ 1989ರ ಡಿಸೆಂಬರಿನಲ್ಲಿ ತಲುಪಿದ್ದ 38,915ರ ಮಟ್ಟವನ್ನು ದಾಟಿದ್ದು 2024ರ ಫೆಬ್ರವರಿಯಲ್ಲಿ. ಲಾಭಾಂಶವನ್ನೂ ಸೇರಿಸಿ ಲೆಕ್ಕ ಹಾಕಿದರೆ ಕಾಯುವ ಅವಧಿ ಇಷ್ಟು ದೀರ್ಘವಾಗಿ ಕಾಣುವುದಿಲ್ಲ, ನಿಜ. ಆದರೂ ಈ ಎರಡು ಇಸವಿಗಳನ್ನು ಹೇಳದೆ ತಾಳ್ಮೆಯ ಬೋಧನೆ ಮಾಡಿದರೆ ಅದು ಪುಸ್ತಕದ ಬದನೆಕಾಯಿಯಾಗುತ್ತದೆ.

ಸಾಮಾನ್ಯ ಹೂಡಿಕೆದಾರರಿಗಾಗಿ ಅಮೆರಿಕದಲ್ಲಿ 1976ರಲ್ಲಿ ಜಾನ್ ಬೋಗಲ್ ಅವರ ವ್ಯಾನ್‌ಗಾರ್ಡ್ ಸಂಸ್ಥೆ ಆರಂಭಿಸಿದ, ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಂಡಿಡುವ ಇಂಡೆಕ್ಸ್ ಫಂಡ್ ಎಂಬ ಸರಳ ದಾರಿಗೆ ಕೋರ್ಸಿನಲ್ಲಿ ಸಿಕ್ಕಿರುವುದು ನಾಲ್ಕೇ ನಿಮಿಷ. ವೆಚ್ಚದ ಲೆಕ್ಕವಂತೂ ಇಲ್ಲವೇ ಇಲ್ಲ. ವರ್ಷಕ್ಕೆ ಶೇ 7ರಂತೆ ಬೆಳೆಯುವ 100 ಮೂವತ್ತು ವರ್ಷದಲ್ಲಿ ಸುಮಾರು 761 ಆಗುತ್ತದೆ. ಶುಲ್ಕಕ್ಕೆಂದು ವರ್ಷಕ್ಕೊಂದು ಶೇಕಡ ಕಳೆದು ಶೇ 6 ಉಳಿದರೆ ಅದು 574ಕ್ಕೆ ನಿಲ್ಲುತ್ತದೆ. ಇದು ಹೊಸಬರು ಮೊದಲ ದಿನವೇ ಮಾಡಬೇಕಾದ ಗುಣಾಕಾರ. ಇದನ್ನು ಬಿಟ್ಟದ್ದೇಕೆಂದು ಕೊನೆಯ ಎರಡು ಪಾಠಗಳನ್ನು ನೋಡಿದಾಗ ಊಹಿಸಿಕೊಂಡೆ: ಬೆಲೆಯ ನಕ್ಷೆಗಳನ್ನು ಅವಸರವಸರವಾಗಿ ಪರಿಚಯಿಸಿ, ಮುಂದೊಂದು ದಿನ ಗೊತ್ತುಪಡಿಸಿದ ಬೆಲೆಗೆ ಕೊಳ್ಳುವ ಇಲ್ಲವೇ ಮಾರುವ ಒಪ್ಪಂದಗಳಾದ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಕಲಿಸುವ ದುಬಾರಿ ಮುಂದುವರಿದ ಕೋರ್ಸಿಗೆ ಸೇರಿರೆಂದು ಎಂಟು ಬಾರಿ ಕೇಳಿಕೊಳ್ಳುತ್ತಾರೆ. ಇಂಡೆಕ್ಸ್ ಫಂಡ್ ಕೊಂಡು ಸುಮ್ಮನೆ ಕೂತವನಿಗೆ ಆ ಕೋರ್ಸನ್ನು ಮಾರುವುದು ಕಷ್ಟ.

ಲೆಕ್ಕಪತ್ರವೆಂದರೆ ಹೆದರುವವರು ಶುಲ್ಕ ಕೊಟ್ಟು ಸೇರಬಹುದು. ನಾಲ್ಕರಿಂದ ಆರನೆಯ ಪಾಠಗಳಿಗಷ್ಟೇ ಆ ಹಣ ಸಲ್ಲುತ್ತದೆ. ಬ್ಯಾಲೆನ್ಸ್ ಶೀಟ್ ಓದಲು ಈಗಾಗಲೇ ಬಲ್ಲವರಿಗೆ ಇದರಲ್ಲಿ ಹೊಸದೇನೂ ಸಿಗದು. ನಾನು ಅಭ್ಯಾಸ ಖಾತೆಯನ್ನು ಮುಚ್ಚಿದ್ದೇನೆ, ವಾರದ ಪಟ್ಟಿಯ ಸಂದೇಶಗಳನ್ನು ನಿಲ್ಲಿಸಿದ್ದೇನೆ. ಐದನೆಯ ಪಾಠವನ್ನು ಮಾತ್ರ, ನಿಜವಾದ ಕಂಪನಿಯೊಂದರ ವಾರ್ಷಿಕ ವರದಿಯನ್ನು ಪಕ್ಕದಲ್ಲಿಟ್ಟುಕೊಂಡು, ಮೂರನೆಯ ಬಾರಿ ನೋಡುತ್ತಿದ್ದೇನೆ.