ಸರ್ಕಸ್ ಜೋಕರ್‌ಗಳಿಗೆ ಎರಡು ಕಾಣಿಕೆ: ಫೆಲಿನಿಯದೋ, ತಾತಿಯದೋ?

ಇಟಲಿಯ ನಿರ್ದೇಶಕ ಫೆಡೆರಿಕೊ ಫೆಲಿನಿಯವರ 'ಇ ಕ್ಲೌನ್ಸ್' (1970) ಮತ್ತು ಫ್ರಾನ್ಸಿನ ನಟ-ನಿರ್ದೇಶಕ ಝಾಕ್ ತಾತಿಯವರ 'ಪರೇಡ್' (1974) ಚಿತ್ರಗಳನ್ನು ಒಂದೇ ವಾರದಲ್ಲಿ ಎರಡೆರಡು ಬಾರಿ, ಎರಡನೆಯ ಸಲ ಕ್ರಮ ಅದಲುಬದಲು ಮಾಡಿ ನೋಡಿದೆ. ಎರಡೂ ಟಿವಿಗಾಗಿ ತಯಾರಾದವು, ಎರಡೂ ಒಂದೂವರೆ ಗಂಟೆಯ ಆಸುಪಾಸಿನವು. ಸಾಮ್ಯ ಅಲ್ಲಿಗೇ ಮುಗಿಯುತ್ತದೆ.

ಫೆಲಿನಿಯವರದು ಸಾಕ್ಷ್ಯಚಿತ್ರದ ವೇಷ ತೊಟ್ಟ ತುಂಟಾಟ. ರಾತ್ರಿ ಎಚ್ಚರಗೊಂಡ ಹುಡುಗನೊಬ್ಬ ಕಿಟಕಿಯಾಚೆ ಡೇರೆ ಏಳುವುದನ್ನು ಕಾಣುತ್ತಾನೆ. ಮುಂದೆ, ಹಳೆಯ ಜೋಕರ್‌ಗಳನ್ನು ಹುಡುಕಿಕೊಂಡು ಪ್ಯಾರಿಸ್ಸಿಗೆ ಹೊರಡುವ ಚಿತ್ರತಂಡವೇ ಒಂದು ಕೋಡಂಗಿ ಮೇಳವಾಗಿಬಿಡುತ್ತದೆ. ಈ ಚಿತ್ರದ ಸಂದೇಶವೇನು ಎಂಬ ಪ್ರಶ್ನೆ ಬಂದೊಡನೆ ನಿರ್ದೇಶಕರ ತಲೆಯ ಮೇಲೆ ಬಕೆಟ್ ಬೀಳುತ್ತದೆ. (ವಿಮರ್ಶೆ ಬರೆಯುವವರು ಇದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಕ್ಷೇಮ.) ಮಿರುಗುವ ಉಡುಪಿನ, ಎಲ್ಲವನ್ನೂ ಬಲ್ಲ ಬಿಳಿಮುಖದ ಜೋಕರ್ ಮತ್ತು ಹೇಳಿದ ಮಾತು ಕೇಳದ, ದೊಗಲೆ ಅಂಗಿಯ 'ಆಗಸ್ಟ್' ನಡುವಿನ ಹಗೆತನವೇ ಈ ಕಲೆಯ ಬೇರು ಎಂಬುದು ನನಗೆ ತಿಳಿದದ್ದು ಇಲ್ಲಿಯೇ. ಆದರೆ ನಡುಭಾಗದ ಪ್ಯಾರಿಸ್ ಭೇಟಿಗಳು ಎರಡೂ ಸಲ ನನಗೆ ಲಂಬಿಸಿದಂತೆ ಕಂಡವು.

ತಾತಿಯವರು ಏನನ್ನೂ ವಿವರಿಸುವುದಿಲ್ಲ. ಚೆಂಡಿಲ್ಲದೆ ಗೋಲ್‌ಕೀಪರ್, ರ್‍ಯಾಕೆಟ್ ಇಲ್ಲದೆ ಟೆನಿಸ್ ಆಟಗಾರ, ಗಾಳವಿಲ್ಲದೆ ಮೀನು ಹಿಡಿಯುವವ: ಎಲ್ಲವನ್ನೂ ತಾವೇ ಅಭಿನಯಿಸುವ ತಾತಿಯವರ ಎತ್ತರದ ಮೈಯೊಂದೇ ಸಾಕು. ಪ್ರೇಕ್ಷಕರ ನಡುವೆ ರಟ್ಟಿನ ಆಕೃತಿಗಳೂ ಕುಳಿತಿದ್ದು, ಕಣದೊಳಗಿನವರು ಯಾರು, ಹೊರಗಿನವರು ಯಾರು ಎಂಬ ಗೆರೆ ಅಳಿಸಿಹೋಗುತ್ತದೆ. ಬಹುಭಾಗವನ್ನು ವೀಡಿಯೊದಲ್ಲಿ ಚಿತ್ರೀಕರಿಸಿದ್ದರಿಂದ ಬಿಂಬ ಮಂಕಾಗಿದೆ. ನಡುವಿನ ಸಂಗೀತವಂತೂ ಸಪ್ಪೆ.

ಚಾಪ್ಲಿನ್ನರ 'ದಿ ಸರ್ಕಸ್' (1928) ಚಿತ್ರವನ್ನು ಈ ಸ್ಪರ್ಧೆಗೆ ಎಳೆಯಲಾರೆ. ಬೇಕೆಂದು ನಗಿಸಹೊರಟರೆ ಸೋಲುವ, ತನಗರಿವಿಲ್ಲದೆಯೇ ಡೇರೆಯನ್ನು ನಗೆಯಲ್ಲಿ ಮುಳುಗಿಸುವ ಆ ಅಲೆಮಾರಿಯೇ ಒಬ್ಬ ಆಗಸ್ಟ್. ಕಾಣಿಕೆ ಸಲ್ಲಬೇಕಾದದ್ದು ಅವನಿಗೆ.

ನಗುವನ್ನಷ್ಟೇ ಲೆಕ್ಕ ಹಾಕಿದರೆ ತಾತಿಯವರೇ ಗೆಲ್ಲುತ್ತಾರೆ. ಆದರೂ ಒಂದನ್ನೇ ಉಳಿಸಿಕೊಳ್ಳಬೇಕೆಂದರೆ ನಾನು ಫೆಲಿನಿಯವರನ್ನು ಆರಿಸುತ್ತೇನೆ, ಅದೂ ಕೊನೆಯ ಕೆಲವೇ ನಿಮಿಷಗಳಿಗಾಗಿ. ಆಗಸ್ಟ್‌ನ ಶವಯಾತ್ರೆಯ ಗದ್ದಲವೆಲ್ಲ ಅಡಗಿದ ಮೇಲೆ, ತೀರಿಕೊಂಡ ಜೊತೆಗಾರನನ್ನು ಒಬ್ಬ ತುತ್ತೂರಿ ಊದಿ ಕರೆಯುತ್ತಾನೆ. ಖಾಲಿ ಡೇರೆಯ ಇನ್ನೊಂದು ಬದಿಯಿಂದ ತುತ್ತೂರಿಯೇ ಓಗೊಡುತ್ತದೆ. ಇಬ್ಬರೂ ಊದುತ್ತಲೇ ಕಣಕ್ಕಿಳಿದು, ಒಬ್ಬರನ್ನೊಬ್ಬರು ಸಮೀಪಿಸಿ, ಜೊತೆಯಾಗಿ ಮರೆಯಾಗುತ್ತಾರೆ.